ಮಕ್ಕಾದಿಂದ ಬರೆಸಿಕೊಂಡು ಬಾ ಎಂದರು

ತಾಲ್ಲೂಕು ಕಚೇರಿ

ಹಜ್‌ಗೆ ಹೋದವರೆಲ್ಲ ಪುಣ್ಯಕ್ಕೆ ಹೋದೆವು ಎನ್ನುತ್ತಾರೆ. ನಾನು ಒಂದು ಕಾಗದ ತರಲು ಹೋಗಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ದೊಡ್ಡ ಭಕ್ತೆ ಎಂದು ತಿಳಿಯಬಾರದು.

ನಾವು ಪಿಂಜಾರರು, ಅರಳೆ ಹಿಂಜಿ ಗಾದಿ ಹೊಲಿಯುವ ಜನ. ನಮ್ಮ ಯಜಮಾನರು ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಬೇಸಿಗೆಯಲ್ಲಿ ಜಗಳೂರಿನವರೆಗೂ ತಿರುಗುತ್ತಿದ್ದರು. ಆ ನಾಲ್ಕೂರಲ್ಲಿ ಅವರು ಹಿಂಜಿದ ಗಾದಿಯ ಮೇಲೆ ಮಲಗದ ಸಾಹುಕಾರ ಇರಲಿಲ್ಲ. ನಾವು ಮನೆಯಲ್ಲಿ ಆಡುವುದು ಕನ್ನಡ. ನಮಾಜಿನ ಮಾತು ಅರಬ್ಬಿ, ಅದು ಬಾಯಿಪಾಠ. ಉರ್ದು ನನಗೆ ಸಂತೆಗೆ ಸಾಕಾಗುವಷ್ಟು ಬರುತ್ತದೆ. ನನ್ನ ಓದು ಮೂರನೇ ತರಗತಿಗೆ ನಿಂತಿತು. ಇದರಲ್ಲಿ ಅಕ್ಷರ ನೆಟ್ಟಗಿದ್ದರೆ ಅದು ನಮ್ಮೂರ ಶಾಲೆಯ ಮೇಷ್ಟ್ರು ತಿದ್ದಿದ್ದು. ಊರ ಹೆಸರು ಬರೆಯುವುದಿಲ್ಲ. ಆ ಜನ ಇನ್ನೂ ಇದ್ದಾರೆ, ನಾನೂ ಅವರ ನಡುವೆಯೇ ಸಾಯಬೇಕು.

ನಮ್ಮ ಮನೆಯಲ್ಲಿ ಒಂದು ಪಂಜ ಇದೆ. ಬೆಳ್ಳಿಯ ಹಸ್ತ, ಐದು ಬೆರಳು. ಪೈಗಂಬರರ ಮಗಳು ಬೀಬಿ ಫಾತಿಮಾ, ಅವರ ಮಕ್ಕಳು, ಅವರ ಮನೆಯವರ ಗುರುತು ಅದು. ಮೊಹರಮ್ಮನ್ನು ನಮ್ಮ ಕಡೆ ಬಾಬಯ್ಯನ ಹಬ್ಬ ಎನ್ನುತ್ತಾರೆ. ವರ್ಷಕ್ಕೆ ಹತ್ತು ದಿನ ಪಂಜವನ್ನು ಪೆಟ್ಟಿಗೆಯಿಂದ ತೆಗೆದು, ಕೋಲಿಗೆ ಕಟ್ಟಿ, ಹಸಿರು ದಟ್ಟಿ ಸುತ್ತಿ ಕೂರಿಸುತ್ತಿದ್ದೆವು. ಹತ್ತನೆಯ ದಿನ ಮೆರವಣಿಗೆ. ನಮ್ಮವರಿಗಿಂತ ಹೆಚ್ಚಾಗಿ ಲಿಂಗವಂತರು, ನಾಯಕರು, ಲಂಬಾಣಿಗರು ಬಂದು ಸಕ್ಕರೆ ಓದಿಸಿಕೊಂಡು ಹೋಗುತ್ತಿದ್ದರು. ಅದರ ಮುಂದಿನ ದೀಪಕ್ಕೆ ಬತ್ತಿ ನಮ್ಮ ಮನೆಯದೇ ಆಗಬೇಕು. ಆ ವರ್ಷದ ಮೊದಲ ಅರಳೆ ಹಿಂಜಿ ಹೊಸೆದ ಬತ್ತಿ. ಅದೇ ಅರಳೆಯಲ್ಲಿ ಒಂದು ಹಿಡಿ ಊರ ಗುಡಿಗೂ ಹೋಗುತ್ತಿತ್ತು. ಇದನ್ನು ಶುರು ಮಾಡಿದವರು ಯಾರೋ ಗೊತ್ತಿಲ್ಲ. ನಾನು ಮದುವೆಯಾಗಿ ಬಂದಾಗ ಹಾಗೇ ನಡೆಯುತ್ತಿತ್ತು.

ಊರಿಗೆ ಹೊಸ ಮೌಲ್ವಿ ಬಂದರು. ಕೆಟ್ಟ ಮನುಷ್ಯ ಎನ್ನಲಾರೆ. ಓದಿದವರು. ನಾಲ್ಕು ಜನರ ಕುಡಿತ ಬಿಡಿಸಿದರು. ಆದರೆ ಪಂಜ ಕಂಡರೆ ಅವರ ಮುಖ ಹುಣಸೆಹಣ್ಣು ತಿಂದಂತಾಗುತ್ತಿತ್ತು. ಒಂದು ವರ್ಷ ಮೆರವಣಿಗೆಯ ಮುಂದೆ ಹುಲಿವೇಷ ಕುಣಿಯಿತು, ಪಕ್ಕದ ಮನೆಯ ಹಾಲವ್ವ ಕಾಯಿ ಒಡೆದಳು. ಎರಡೂ ಪ್ರತಿ ವರ್ಷ ಆಗುತ್ತಿದ್ದದ್ದೇ. ಆ ಸಲ ಮಾತ್ರ ಮಸೀದಿಯ ಜಮಾತಿನ ನಾಲ್ಕು ಜನ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟರು: ಇದರಿಂದ ನಮ್ಮ ಧರ್ಮಕ್ಕೆ ಅವಮಾನವಾಗಿದೆ. ಅದಕ್ಕೊಂದು ಕಲಂ ಇದೆಯಂತೆ. ಜಫೇದಾರ ಬಂದು ಯಜಮಾನರನ್ನು ಕಚೇರಿಗೆ ಕರೆದುಕೊಂಡು ಹೋದ. ನಾನೂ ಹಿಂದೆ ಹೋದೆ.

“ಸ್ವಾಮಿ, ನನ್ನ ದೇವರಿಗೆ ನಾನೇ ಹೆಂಗ್ರೀ ಅವಮಾನ ಮಾಡ್ಲಿ?” ಎಂದರು ಯಜಮಾನರು.

ಅಮಲ್ದಾರರು ಕನ್ನಡಕ ಒರೆಸಿಕೊಂಡರು. “ಸರ್ಕಾರ ಯಾರ ಧರ್ಮಕ್ಕೂ ಕೈ ಹಾಕೋದಿಲ್ಲಪ್ಪ. ನಮಗೆ ಶಾಂತಿ ಮುಖ್ಯ.”

ಕೈ ಹಾಕುವುದಿಲ್ಲ ಎಂದವರು ಮುಚ್ಚಳಿಕೆ ಬರೆಸಿದರು. ಧರ್ಮ ಬಲ್ಲವರು ಇದು ಅವಮಾನವಲ್ಲ ಎಂದು ಬರೆದುಕೊಡುವ ತನಕ ಪಂಜ ಹೊಸ್ತಿಲು ದಾಟಕೂಡದು. ಯಜಮಾನರು ಹೆಬ್ಬೆಟ್ಟು ಒತ್ತಿದರು.

“ಬಲ್ಲವರು ಅಂದ್ರೆ ಯಾರ್ರೀ?” ಎಂದೆ ನಾನು.

“ನನಗೇನು ಗೊತ್ತಮ್ಮ? ಮಕ್ಕಾದಿಂದ ಬರೆಸಿಕೊಂಡು ಬಾ, ಹೋಗು.”

ಗುಮಾಸ್ತರು ನಕ್ಕರು. ಅಮಲ್ದಾರರೂ ನಕ್ಕರು. ತಮಾಷೆಗೆ ಆಡಿದ ಮಾತು ಎಂದು ನನಗೆ ಆಮೇಲೆ ಎಲ್ಲರೂ ಹೇಳಿದರು. ಸರ್ಕಾರ ಕಚೇರಿಯ ಕುರ್ಚಿಯಲ್ಲಿ ಕೂತು ತಮಾಷೆ ಮಾಡುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು?

ಮುಂದಿನ ಹಬ್ಬ ಬರುವ ಮೊದಲೇ ಯಜಮಾನರು ತೀರಿಕೊಂಡರು. “ಒಂದು ಸಲ ಅದನ್ನ ಬಿಸಿಲಿಗೆ ತೆಗೀರೇ,” ಎಂದು ಕೊನೆಗೆ ಹೇಳಿದ್ದು ಅಷ್ಟೇ. ಅತ್ತ ಜಮಾತಿನವರು, ಪಂಜ ಬಿಡುವ ತನಕ ಆ ಮನೆಯಲ್ಲಿ ನಿಕಾ ಓದುವುದಿಲ್ಲ ಎಂದರು. ನನ್ನ ಮೊಮ್ಮಗಳು ಸಕೀನಾಳಿಗೆ ಹೊನ್ನಾಳಿಯಲ್ಲಿ ಗಂಡು ಗೊತ್ತಾಗಿತ್ತು. ಮಗ ದಾದಾಪೀರ ಪಂಜವನ್ನು ಕೆರೆಗೆ ಹಾಕಿ ಬರುತ್ತೇನೆಂದು ಹೊರಟ. ನಾನು ಬಾಗಿಲಿಗೆ ಅಡ್ಡ ಕೂತೆ.

“ಒಂದು ವರ್ಷ ತಡೀ. ಕಾಗದ ತರ್ತೀನಿ.”

“ಎಲ್ಲಿಂದ ತರ್ತಿಯವ್ವಾ?”

“ಅವ್ರು ಹೇಳಿದ್ದು ಎಲ್ಲಿಂದ? ಅಲ್ಲಿಂದ.”

ಹಣ ಎಲ್ಲಿಂದ ಬಂತೆಂದು ಕೇಳುವವರು ಕೇಳುತ್ತಲೇ ಇರಲಿ.

ಬೊಂಬಾಯಿ

ಹೆಂಗಸು ಒಬ್ಬಳೇ ಹಜ್‌ಗೆ ಹೋಗುವಂತಿಲ್ಲ. ನನ್ನ ತಮ್ಮ ಖಾಸೀಮನನ್ನು ಎಳೆದುಕೊಂಡು ಹೋದೆ. ಐವತ್ತು ದಾಟಿದವನು, ಜಟಕಾ ಹೊಡೆಯುತ್ತಿದ್ದವನು, ಉರ್ದು ಚೆನ್ನಾಗಿ ಬಲ್ಲ. ಕುದುರೆ ಒದ್ದರೂ ಹೆದರದವನು ಬೊಂಬಾಯಿಯಲ್ಲಿ ಸಿಡುಬಿನ ಸೂಜಿ ನೋಡಿ ಮೂರ್ಛೆ ಬಿದ್ದ. ಡಾಕ್ಟರು ಅವನನ್ನು ಮಲಗಿಸಿಯೇ ಚುಚ್ಚಿದರು. ಎದ್ದ ಮೇಲೆ, “ನಾನ್ ಬಿದ್ದಿದ್ದು ಊರಾಗೆ ಹೇಳ್ಬ್ಯಾಡಕ್ಕಾ,” ಎಂದು ಕೈ ಹಿಡಿದುಕೊಂಡ. ಹೇಳಲಿಲ್ಲ. ಬರೆಯಬೇಡ ಅಂದಿರಲಿಲ್ಲ.

ಮುಸಾಫಿರಖಾನೆಯಲ್ಲಿ ನಮ್ಮನ್ನು ಹೈದರಾಬಾದಿನವರ ಪಕ್ಕ ಇಳಿಸಿದರು. ಅವರ ಪೈಕಿ ಒಬ್ಬ ಬೇಗಂ ನನ್ನ ಸೀರೆ ನೋಡಿದರು, ಬಳೆ ನೋಡಿದರು, ಖಾಸೀಮನ ಜೊತೆ ನಾನಾಡುವ ಕನ್ನಡ ಕೇಳಿದರು. ಆಮೇಲೆ ಮೆಲ್ಲಗೆ, ಮುಸಲ್ಮಾನರೆಲ್ಲರಿಗೂ ಬರಬೇಕಾದ ಕಲಮಾ ಹೇಳಿ ಎಂದರು. ಪರೀಕ್ಷೆ! ಹೇಳಿದೆ. ತಪ್ಪಿಲ್ಲದೆ ಹೇಳಿದೆ. “ಮಾಶಾ ಅಲ್ಲಾಹ್,” ಎಂದು ನನ್ನ ಗಲ್ಲ ಸವರಿದರು, ಚಿಕ್ಕ ಮಗು ಮಗ್ಗಿ ಒಪ್ಪಿಸಿದಾಗ ಸವರುವ ಹಾಗೆ. ನನಗೆ ಆಗ ಅರವತ್ತು ದಾಟಿತ್ತು.

ಊರಲ್ಲಿ ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ. ಲಂಬಾಣಿಗರು ತಮ್ಮ ಗುರುವಿನ ಜಾತ್ರೆಗೆಂದು ಸೂರಗೊಂಡನಕೊಪ್ಪಕ್ಕೆ ಹಾಡಿಕೊಂಡು ನಮ್ಮ ಬಾಗಿಲ ಮುಂದೆಯೇ ಹೋಗುತ್ತಾರೆ. ನೀವು ಯಾವ ಪೈಕಿ, ನಿಮ್ಮ ಮಂತ್ರ ಹೇಳಿ ನೋಡೋಣ ಎಂದು ಅವರನ್ನು ತಡೆದವರನ್ನು ನಾನು ಕಂಡಿಲ್ಲ. ನೀರು ಕೇಳಿದರೆ ಕೊಡುತ್ತೇವೆ, ಅವರು ಹೋಗುತ್ತಾರೆ.

ಹಡಗು

ಹಡಗು ಎಂದರೆ ಏನೆಂದು ನಮ್ಮ ಓಣಿಯ ಹೆಂಗಸರು ಈಗಲೂ ಕೇಳುತ್ತಾರೆ. ಸಂತೆಯ ದಿನ ಸಂತೆಯನ್ನೇ ಎತ್ತಿ ಕೆರೆಯ ಮೇಲೆ ಇಟ್ಟರೆ ಹೇಗಿರುತ್ತದೋ ಹಾಗೆ. ಒಂದೊಂದು ಒಲೆಗೂ ಜಗಳ, ಒಂದೊಂದು ಕೊಡ ನೀರಿಗೂ ಜಗಳ. ಎಲ್ಲರೂ ದೇವರ ಮನೆಗೆ ಹೊರಟವರು. ಖಾಸೀಮ ಮೂರು ದಿನ ವಾಂತಿ ಮಾಡಿದ. ನನಗೆ ಏನೂ ಆಗಲಿಲ್ಲ. ಬಂಗಾಲದ ಒಬ್ಬ ಮುದುಕಿ ನನ್ನ ಪಕ್ಕ ಮಲಗುತ್ತಿದ್ದಳು. ಅವಳಿಗೆ ಕನ್ನಡ ಬಾರದು, ನನಗೆ ಬಂಗಾಲಿ ಬಾರದು. ಅವಳ ಗಾದಿ ಗಂಟುಗಟ್ಟಿತ್ತು. ಬಿಚ್ಚಿ, ಅರಳೆಯನ್ನು ಕೈಯಲ್ಲೇ ಬಿಡಿಸಿ, ಮತ್ತೆ ಹೊಲಿದುಕೊಟ್ಟೆ. ಆಮೇಲೆ ಆಕೆ ತನ್ನ ಅನ್ನದಲ್ಲಿ ನನಗೆ ಪಾಲು ಕೊಟ್ಟಳು. ಇಡೀ ಹಡಗಿನಲ್ಲಿ ಕಲಮಾ ಕೇಳದೆ ನನ್ನನ್ನು ಒಪ್ಪಿಕೊಂಡವಳು ಅವಳೊಬ್ಬಳೇ.

ನನ್ನ ಗಂಟಿನಲ್ಲಿ ಮೂರು ಸಾಮಾನು ಜೋಪಾನ ಮಾಡಿದ್ದೆ. ಒಂದು, ಬರೆಸಿಕೊಳ್ಳಲು ಒಳ್ಳೆಯ ಕಾಗದ, ಸುರುಳಿ ಸುತ್ತಿ ಬಿದಿರಿನ ಕೊಳವೆಯಲ್ಲಿ ಇಟ್ಟದ್ದು. ಎರಡು, ಪಂಜದ ದಟ್ಟಿಯ ಒಂದು ಗೇಣು ಹಸಿರು ಬಟ್ಟೆ. ಮೂರು, ಒಂದು ಚೀಲ ಬತ್ತಿ ಮತ್ತು ಒಂದು ಸೀಸೆ ಹೊಂಗೆ ಎಣ್ಣೆ. ಮದೀನಾದಲ್ಲಿ ಬೀಬಿ ಫಾತಿಮಾರ ಗೋರಿಯ ಹತ್ತಿರ ದೀಪ ಹಚ್ಚಬೇಕೆಂದು. ಪಂಜವನ್ನು ಇಷ್ಟು ವರ್ಷ ಮನೆಯಲ್ಲಿ ಇಟ್ಟುಕೊಂಡವರು ಅಲ್ಲಿಗೆ ಹೋದಾಗ ಬತ್ತಿ ಒಯ್ಯದೆ ಹೋಗಬಹುದೇ?

ಕಮರಾನ್

ಕಮರಾನ್ ಎಂಬುದು ಒಂದು ಬೋಳು ದ್ವೀಪ. ರೋಗ ಇದೆಯೋ ಇಲ್ಲವೋ ನೋಡಲು ಎಲ್ಲರನ್ನೂ ಅಲ್ಲಿ ಇಳಿಸುತ್ತಾರೆ. ಉಟ್ಟ ಬಟ್ಟೆ, ಹೊದ್ದ ಬಟ್ಟೆ, ಗಂಟು, ಎಲ್ಲವನ್ನೂ ದೊಡ್ಡ ಕಬ್ಬಿಣದ ಗೂಡಿಗೆ ಹಾಕಿ ಹಬೆಯಲ್ಲಿ ಬೇಯಿಸುತ್ತಾರೆ. ನನ್ನ ಬತ್ತಿಯ ಚೀಲವನ್ನೂ ಎತ್ತಿಕೊಂಡರು.

“ಬತ್ತಿಗೆ ಎಂಥಾ ರೋಗ ಬರ್ತೈತ್ರೀ?” ಎಂದೆ.

ಅಲ್ಲಿಯ ನರ್ಸಮ್ಮ ಎಣ್ಣೆ ಸೀಸೆಯ ಬಿರಡೆ ತೆಗೆದು ಮೂಸಿ, ಮುಖ ತಿರುಗಿಸಿ, ಅಲ್ಲೇ ಮರಳಿಗೆ ಸುರಿದಳು. ಹೊಂಗೆ ಎಣ್ಣೆ ನಾರುತ್ತದೆ, ಸರಿ. ಅಷ್ಟು ದೂರ ಹೊತ್ತು ತಂದದ್ದು. ಬತ್ತಿ ಬೆಂದ ಶಾವಿಗೆಯಾಗಿ ವಾಪಸು ಬಂತು. ಹಡಗಿನ ಕಟಕಟೆಯ ಮೇಲೆ ಒಣಹಾಕಿದೆ. ಗಾಳಿ ಅರ್ಧದಷ್ಟನ್ನು ಸಮುದ್ರಕ್ಕೆ ಒಯ್ದಿತು. ಖಾಸೀಮ, “ಮೀನುಗಳು ದೀಪ ಹಚ್ಕೊಳ್ತಾವೆ ಬಿಡಕ್ಕಾ,” ಎಂದ. ಆ ಪ್ರಯಾಣದಲ್ಲಿ ನಾನು ನಕ್ಕದ್ದು ಅದೇ ಕೊನೆ ಇರಬೇಕು.

ಮಕ್ಕಾ

ಕಾಬಾ ಕಂಡಾಗ ಹೇಗಾಯಿತು ಎಂದು ಎಲ್ಲರೂ ಕೇಳುತ್ತಾರೆ. ಅತ್ತುಬಿಟ್ಟೆ. ಯಾಕೆಂದು ಗೊತ್ತಿಲ್ಲ. ಅಲ್ಲಿ ಹಬಶಿ ಹೆಂಗಸೊಬ್ಬಳು, ನನ್ನ ಎರಡರಷ್ಟು ಎತ್ತರ, ನೂಕುನುಗ್ಗಲಿನಲ್ಲಿ ನಾನು ಬೀಳದ ಹಾಗೆ ಸೊಂಟ ಹಿಡಿದುಕೊಂಡು ಏಳು ಸುತ್ತು ಸುತ್ತಿಸಿದಳು. ಒಂದು ಮಾತಿಲ್ಲ. ಸುತ್ತು ಮುಗಿದ ಮೇಲೆ ಹಿಂತಿರುಗಿ ನೋಡಿದರೆ ಇಲ್ಲ. ಅಲ್ಲಿ ಯಾರೂ ಯಾರನ್ನೂ ದೂರ ನಿಲ್ಲಿ ಎನ್ನಲಿಲ್ಲ. ನಮ್ಮೂರ ಗುಡಿಯಲ್ಲಿ ಹೊಲೆಯರು ಬಂದರೆ ಕೋಲು ಹಿಡಿದು ಕಂಬದ ಹತ್ತಿರ ನಿಲ್ಲುವವನೊಬ್ಬನಿದ್ದ. ಇಲ್ಲಿ ಕೋಲು ಇಲ್ಲ ಎಂದುಕೊಂಡೆ. ತಪ್ಪು ತಿಳಿದಿದ್ದೆ. ಇಲ್ಲಿಯ ಕೋಲು ಬೇರೆ ಕಡೆ ನಿಂತಿತ್ತು, ಅಷ್ಟೇ.

ಹಜ್ ಮುಗಿಸಿ ನಮ್ಮ ಮುಅಲ್ಲಿಮರ ಮನೆಗೆ ಹೋದೆವು. ಮುಅಲ್ಲಿಮ ಎಂದರೆ ಯಾತ್ರಿಕರನ್ನು ಇಳಿಸಿಕೊಂಡು ದಾರಿ ತೋರಿಸುವವರು. ಉರ್ದು ಬಲ್ಲವರು. ಬಿದಿರಿನ ಕೊಳವೆಯಿಂದ ಕಾಗದ ತೆಗೆದು ಮುಂದಿಟ್ಟೆ. ಖಾಸೀಮನಿಗೆ ಎಲ್ಲ ಹೇಳು ಎಂದೆ.

“ಅಕ್ಕಾ, ಹುಲಿವೇಷದ ಮಾತು ಬಿಟ್ಬಿಡ್ಲಾ?”

“ಯಾಕ್ ಬಿಡ್ತಿ? ಅರ್ಜಿಯಾಗೆ ಇರೋದೇ ಅದು. ಕಾಯಿ ಒಡೆದಿದ್ದೂ ಹೇಳು.”

ಅವನು ಹೇಳಿದ. ಮುಅಲ್ಲಿಮರು ಕೇಳುತ್ತ ಕೇಳುತ್ತ ಎದ್ದು ಹೋಗಿ ಬಾಗಿಲು ಹಾಕಿದರು. ನನಗೆ ಇವತ್ತಿಗೂ ನೆನಪಿರುವುದು ಆ ಬಾಗಿಲು. ಅಲ್ಲಾಹುವಿನ ಮನೆ ಇರುವ ಊರಲ್ಲಿ ಬೀಬಿ ಫಾತಿಮಾರ ಹೆಸರು ಎತ್ತಿದರೆ ಬಾಗಿಲು ಹಾಕಬೇಕಾಯಿತು. ಅವರು ಹೇಳಿದ್ದನ್ನು ಖಾಸೀಮ ಕನ್ನಡದಲ್ಲಿ ಹೇಳಿದ:

“ಇಲ್ಲಿಯ ರಾಜ ಗೋರಿ ಮುಟ್ಟೋದೇ ತಪ್ಪು ಅಂತಾನಂತೆ. ಗೋರಿ ಮೇಲಿನ ಗುಮ್ಮಟ ಎಲ್ಲಾ ಕೆಡವ್ಸಿ ಹತ್ತು ವರ್ಷದ ಮೇಲಾತಂತೆ. ಈ ಮಾತು ಹೊರಗೆ ಆಡಿದ್ರೆ ನಮ್ಮನ್ನ ಹಿಡೀತಾರಂತೆ. ಇವ್ರ ಪರವಾನಗಿನೂ ಹೋಗ್ತೈತಂತೆ. ಕಾಗದ ಒಳಗಿಡು ಅಂತಾರೆ.”

“ಅವಮಾನ ಅಲ್ಲ ಅಂತ ಒಂದೇ ಗೆರೆ ಸಾಕು ಅನ್ನು.”

ಮುಅಲ್ಲಿಮರು ಕೈ ಮುಗಿದರು. ಆ ಸೀಮೆಯಲ್ಲಿ ಯಾರೂ ಯಾರಿಗೂ ಕೈ ಮುಗಿಯುವುದಿಲ್ಲ. ನಮ್ಮ ದೇಶದವರನ್ನು ನೋಡಿ ಕಲಿತಿದ್ದರೋ ಏನೋ. ಕೈ ಮುಗಿದು, ಹೊರಗೆ ಹೋಗಿ ಎಂದರು.

ಮದೀನಾ, ಬಿಲ್ಲಿನ ಸದ್ದು

ಲಾರಿಯಲ್ಲಿ ಕುಕ್ಕಿಸಿಕೊಂಡು ಮದೀನಾಕ್ಕೆ ಬಂದೆವು. ಮರುದಿನ ಒಂದು ಗಲ್ಲಿಯಲ್ಲಿ ಹೋಗುತ್ತಿದ್ದಾಗ ಠಂಯ್, ಠಂಯ್ ಎಂದು ಕೇಳಿಸಿತು. ಕಾಲು ನಿಂತುಬಿಟ್ಟಿತು. ನಲವತ್ತೈದು ವರ್ಷ ಆ ಸದ್ದಿಗೆ ಎದ್ದು ಆ ಸದ್ದಿಗೆ ಅಡುಗೆ ಮಾಡಿದವಳು ನಾನು. ಯಜಮಾನರು ಸತ್ತ ದಿನ ಅಳದವಳು ಆ ಗಲ್ಲಿಯಲ್ಲಿ ಗೋಡೆ ಹಿಡಿದುಕೊಂಡೆ.

ಒಳಗೆ ಬಿಳಿ ಗಡ್ಡದವನೊಬ್ಬ ಅರಳೆ ಹಿಂಜುತ್ತಿದ್ದ. ಬಿಲ್ಲು ನಮ್ಮದೇ, ಸ್ವಲ್ಪ ಗಿಡ್ಡ. ಆದರೆ ಬಿಲ್ಲಿನ ನರ ಸಡಿಲವಾಗಿತ್ತು. ಸದ್ದಿನಲ್ಲೇ ಗೊತ್ತಾಗುತ್ತದೆ. ನಾನು ಕೇಳದೆ ಒಳಗೆ ಹೋಗಿ, ನರ ಬಿಗಿದು, ಕೊಡತಿಯಿಂದ ಒಂದು ಪೆಟ್ಟು ಹಾಕಿ ತೋರಿಸಿದೆ. ಅರಳೆ ಹೊಗೆಯಂತೆ ಎದ್ದಿತು. ಅವನು ಬಾಯಿ ಬಿಟ್ಟುಕೊಂಡು ನೋಡಿ, ಆಮೇಲೆ ತೊಡೆ ತಟ್ಟಿಕೊಂಡು ನಕ್ಕ.

ಅವನು ಬುಖಾರಾ ಕಡೆಯವನಂತೆ. ಅಲ್ಲಿ ರಷ್ಯಾದವರು ಮಸೀದಿಗೆ ಬೀಗ ಹಾಕಿ, ನಮಾಜು ಮಾಡುವವರನ್ನು ಹಿಡಿದೊಯ್ಯುತ್ತಾರೆಂದು ಓಡಿ ಬಂದವನು. ಪೇಶಾವರದಲ್ಲಿ ಕೆಲವು ವರ್ಷ ಇದ್ದುದರಿಂದ ಹರಕು ಉರ್ದು ಬರುತ್ತಿತ್ತು. “ಇಲ್ಲಿ ಹೆಂಗೈತೆ ಅಂತ ಕೇಳು,” ಎಂದೆ ಖಾಸೀಮನಿಗೆ. ಅವನು ಉತ್ತರ ಕೊಡುವ ಮೊದಲು ಗಲ್ಲಿಯ ಎರಡೂ ಕಡೆ ನೋಡಿದ. ಉತ್ತರ ಕೊಡಲಿಲ್ಲ, ಚಹಾ ಕೊಟ್ಟ. ನಾವು ಬಂದ ಕೆಲಸ ಕೇಳಿ, ಬಿಲ್ಲು ಮೂಲೆಗಿಟ್ಟು, ಬನ್ನಿ ಎಂದ.

ಕರೆದುಕೊಂಡು ಹೋದದ್ದು ಒಬ್ಬ ವೃದ್ಧರ ಮನೆಗೆ. ದೊಡ್ಡ ಓದಿನವರು. ಪಡಸಾಲೆಯಲ್ಲಿ ಹತ್ತಾರು ಮಕ್ಕಳು ಕುರಾನ್ ಓದುತ್ತಿದ್ದವು. ಅವರ ಅರಬ್ಬಿ ಬುಖಾರಾದವನ ಉರ್ದುವಿಗೆ, ಆ ಉರ್ದು ಖಾಸೀಮನ ಕನ್ನಡಕ್ಕೆ ಬಂದು ನನಗೆ ತಲುಪುತ್ತಿತ್ತು.

“ನೀನು ಆ ಹಸ್ತಕ್ಕೆ ನಮಾಜು ಮಾಡುತ್ತೀಯಾ?” ಎಂದು ಕೇಳಿದರು.

“ಇಲ್ಲ. ನಮಾಜು ಅಲ್ಲಾಹುಗೆ. ಅದನ್ನ ನೋಡಿದ್ರೆ ಬೀಬಿ ಫಾತಿಮಾರ ಮನೆಯೋರ ಕಷ್ಟ ನೆನಪಾಗ್ತೈತೆ, ಅಳು ಬರ್ತೈತೆ.”

“ನಿನ್ನ ನೆರೆಯವರು?”

“ಅವ್ರು ಕೈ ಮುಗೀತಾರೆ. ಅವ್ರು ಕಂಡಿದ್ದಕ್ಕೆಲ್ಲಾ ಮುಗೀತಾರೆ. ಹಬ್ಬದ ದಿನ ನಮ್ಮ ಬಿಲ್ಲಿಗೂ ಮುಗೀತಾರೆ. ಬ್ಯಾಡ ಅನ್ನಾಕೆ ನಾನ್ಯಾರು?”

ಅವರು ನಕ್ಕರು. ಹಲ್ಲಿಲ್ಲದ ನಗು. ಆಮೇಲೆ ಹೇಳಿದರು: ಡೊಳ್ಳು, ವೇಷ ನನಗೆ ಹಿಡಿಸುವುದಿಲ್ಲ. ಆದರೆ ಅಳುವುದು ತಪ್ಪಲ್ಲ. ನೆನೆಯುವುದು ತಪ್ಪಲ್ಲ. ನಿನ್ನ ಗಂಡ ಧರ್ಮಕ್ಕೆ ಅವಮಾನ ಮಾಡಿದ ಎಂದು ನಾನು ಹೇಳಲಾರೆ.

ನನ್ನ ಎದೆ ಹಗುರಾಯಿತು. ಕೊಳವೆ ಬಿಚ್ಚಿ ಕಾಗದ ಹಾಸಿದೆ, ಪೆನ್ಸಿಲ್ಲು ಇಟ್ಟೆ. “ಇಷ್ಟೇ ಬರೀರಿ. ಇಷ್ಟೇ ಸಾಕು.”

ಅವರು ಕಾಗದವನ್ನು ನನ್ನ ಕಡೆಗೆ ಮೆಲ್ಲಗೆ ತಳ್ಳಿದರು. ಹಿಂದೆ ಒಂದು ಸಲ ಯಾರಿಗೋ ಹೀಗೇ ಬರೆದುಕೊಟ್ಟಿದ್ದರಂತೆ. ಅದರಿಂದ ಮಸೀದಿಯಲ್ಲಿ ಪಾಠ ಹೇಳುವುದು ತಪ್ಪಿಹೋಯಿತು. ಈಗ ಉಳಿದಿರುವುದು ಈ ಪಡಸಾಲೆ, ಈ ಮಕ್ಕಳು. ಇನ್ನೊಂದು ಗೆರೆ ಬರೆದರೆ ಇವೂ ಹೋಗುತ್ತವೆ.

“ನಿಮ್ಮ ರಾಜ ಬೇರೆ ಧರ್ಮದವನಂತೆ. ನೀವು ನಿಮ್ಮೊಳಗೆ ಏನು ಮಾಡಿದರೂ ಅವನು ನೋಡುವುದಿಲ್ಲ. ನಿಮಗೆ ಅದೇ ದೊಡ್ಡದು,” ಎಂದರು.

“ನಮ್ಮಿಂದ ಮುಚ್ಚಳಿಕೆ ಬರೆಸ್ಕೊಂಡಿದ್ದು ಆ ರಾಜನ ಕಚೇರಿನೇ,” ಎಂದೆ.

ಮೂರು ಬಾಯಿ ದಾಟಿ ಆ ಮಾತು ಅವರನ್ನು ಮುಟ್ಟಿದಾಗ ಅವರು ಕಣ್ಣು ಮುಚ್ಚಿಕೊಂಡರು. ಮಕ್ಕಳು ಓದುತ್ತಲೇ ಇದ್ದವು. ನಾನು ಕಾಗದ ಸುತ್ತಿಕೊಂಡೆ.

ಮದೀನಾ, ಗೋಡೆಯ ಹೊರಗೆ

ಮರುದಿನ ಬೆಳಿಗ್ಗೆ ಬಕೀ ಎಂಬ ಗೋರಿಗಳ ಬಯಲಿಗೆ ಹೋದೆ. ಬೀಬಿ ಫಾತಿಮಾ, ಅವರ ಮಗ ಹಸನ್, ಎಲ್ಲರೂ ಮಲಗಿರುವುದು ಅಲ್ಲೇ ಎನ್ನುತ್ತಾರೆ. ಹೆಂಗಸರನ್ನು ಒಳಗೆ ಬಿಡುವುದಿಲ್ಲ. ಬಾಗಿಲ ಹೊರಗೆ ನಿಂತು ನೋಡಿದೆ.

ಏನೂ ಇಲ್ಲ. ನಮ್ಮ ಜಗಳೂರು ಕಡೆಯ ಬೀಳು ಹೊಲ ಹೇಗಿರುತ್ತದೋ ಹಾಗೆ. ಮಣ್ಣು, ಅಲ್ಲಲ್ಲಿ ಒಂದೊಂದು ಕಲ್ಲು. “ಅವ್ರು ಎಲ್ಲಿ? ಯಾವ ಕಲ್ಲು?” ಎಂದು ಖಾಸೀಮನನ್ನು ಒಳಗೆ ಕಳಿಸಿದೆ. ಅವನು ನಾಲ್ಕು ಜನರನ್ನು ಕೇಳಿದ. ನಾಲ್ಕು ಜನ ನಾಲ್ಕು ಕಡೆ ತೋರಿಸಿದರು. ಐದನೆಯವನು ಹೆದರಿ ಮಾತೇ ಆಡಲಿಲ್ಲ.

ಹೊರಗೆ ನನ್ನ ಹಾಗೆ ಇನ್ನೂ ಹತ್ತಿಪ್ಪತ್ತು ಮುದುಕಿಯರಿದ್ದರು. ಇರಾನಿನವರು, ಲಖನೌ ಕಡೆಯವರು. ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ ಅಳುತ್ತಿದ್ದರು. ಅಳುವುದನ್ನು ಇಷ್ಟು ಕದ್ದು ಅಳುವವರನ್ನು ನಾನು ನೋಡಿದ್ದೇ ಅಲ್ಲಿ.

ನಾನು ಗೋಡೆಯ ಬುಡದಲ್ಲಿ ಕೂತು, ಹಸಿರು ಬಟ್ಟೆ ಹಾಸಿ, ಅದರ ಮೇಲೆ ಒಂದು ಬತ್ತಿ ಇಟ್ಟೆ. ಎಣ್ಣೆ ಇರಲಿಲ್ಲ, ಹಚ್ಚಲಿಲ್ಲ. ಇಟ್ಟೆ, ಅಷ್ಟೇ. ಬೆನ್ನ ಮೇಲೆ ಬೆತ್ತದ ಪೆಟ್ಟು ಬಿತ್ತು. ಜೋರಾಗಿ ಅಲ್ಲ, ದನ ಎಬ್ಬಿಸಲು ಹಾಕುತ್ತಾರಲ್ಲ, ಹಾಗೆ. ಸಿಪಾಯಿ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಬಟ್ಟೆ ಎತ್ತಿದ, ಬತ್ತಿಯ ಚೀಲ ಕಿತ್ತುಕೊಂಡ, ಏನೋ ಕೂಗಿದ. ದೇವರಿಗೆ ಬೇರೆಯವರನ್ನು ಜೊತೆ ಕಟ್ಟುವ ಪಾಪ ಎಂದನಂತೆ.

ನಾನು ಎದ್ದು ನಿಂತು ಕನ್ನಡದಲ್ಲಿ ಬೈದೆ. ಅವನ ಅಮ್ಮನನ್ನು, ಅಜ್ಜಿಯನ್ನು, ಅವನನ್ನು ಹೆತ್ತ ಗಳಿಗೆಯನ್ನು. ನಮ್ಮ ಓಣಿಯ ಬಾವಿಯ ಹತ್ತಿರ ಹಾಗೆ ಬೈದಿದ್ದರೆ ಊರು ಸೇರುತ್ತಿತ್ತು. ಅವನಿಗೆ ಒಂದಕ್ಷರ ತಿಳಿಯಲಿಲ್ಲ. ಅದಕ್ಕೇ ನಾನು ಬದುಕಿ ಊರಿಗೆ ವಾಪಸು ಬಂದೆ. ಖಾಸೀಮ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದ.

“ಅಕ್ಕಾ, ಸಾಕು. ನಮ್ಮನ್ನ ಇಲ್ಲಿ ಹೂಳಾಕೂ ಬಿಡಲ್ಲ ಇವ್ರು.”

“ಹೂತ್ರೂ ಕಲ್ಲು ಇಡಲ್ಲ ಬಿಡು,” ಎಂದೆ.

ಆ ವರ್ಷದ ಬಾಬಯ್ಯನ ಹಬ್ಬ ವಾಪಸು ಬರುವ ಹಡಗಿನಲ್ಲೇ ಕಳೆಯಿತು. ಹತ್ತನೆಯ ದಿನ ಯಾವುದೆಂದು ಲೆಕ್ಕ ಹಾಕಲೂ ಮನಸ್ಸಾಗಲಿಲ್ಲ.

ಊರು

ಚಿಕ್ಕಜಾಜೂರಿನಲ್ಲಿ ರೈಲು ಇಳಿಯುವಾಗಲೇ ದಾದಾಪೀರ ಬಂದಿದ್ದ. “ಕಾಗದ ಸಿಕ್ತೇನವ್ವಾ?” ಎಂದ. ಕೊಳವೆ ಅವನ ಕೈಗೆ ಕೊಟ್ಟೆ. ತೆಗೆದು ನೋಡಿ, ಎರಡೂ ಮಗ್ಗುಲು ತಿರುಗಿಸಿ ನೋಡಿ, ಮತ್ತೆ ಒಳಗೆ ಹಾಕಿದ.

ಆದರೆ ಊರಲ್ಲಿ ನಾನು ಬೇರೆಯವಳಾಗಿಬಿಟ್ಟಿದ್ದೆ. ಪಿಂಜಾರ ಇಮಾಂಬಿ ಹೋಗಿ ಹಾಜಿಮಾ ಬಂದಿದ್ದಳು. ಹೋಗುವಾಗ ಮುಖ ತಿರುಗಿಸಿದವರು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಮುಂದಿನ ಶುಕ್ರವಾರ ಮಸೀದಿಯ ಅಂಗಳದಲ್ಲಿ ಜಮಾತು ಸೇರಿತು. ಮೌಲ್ವಿಗಳು ಹಾರ ತರಿಸಿ ದಾದಾಪೀರನ ಕೈಯಿಂದ ನನಗೆ ಹಾಕಿಸಿದರು.

“ಹಾಜಿಮಾ, ನೀವು ಮದೀನಾ ನೋಡಿ ಬಂದೋರು. ಬಕೀದಾಗೆ ಏನು ನೋಡಿದ್ರಿ, ಎಲ್ಲರಿಗೂ ಹೇಳ್ರಿ,” ಎಂದರು. ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿ ಗೌರವದಿಂದಲೇ ಕೇಳಿದರು.

ಹೇಳಿದೆ. ಗುಮ್ಮಟ ಇಲ್ಲ. ಗೋರಿ ನೆಲಸಮ. ದೀಪ ಇಲ್ಲ. ಮುಟ್ಟಲು ಬಿಡುವುದಿಲ್ಲ. ಬಟ್ಟೆ ಹಾಸಿದರೆ ಹೊಡೆಯುತ್ತಾರೆ. ಹೊಡೆದರು, ಇಲ್ಲಿ, ಬೆನ್ನ ಮೇಲೆ. ಎಂಥಾ ಅನ್ಯಾಯ ನೋಡಿ ಎಂದು ನಾನು ಹೇಳುತ್ತಿದ್ದೆ. ಅವರು ಬೇರೆ ಏನೋ ಕೇಳಿಸಿಕೊಳ್ಳುತ್ತಿದ್ದರು.

ಮೌಲ್ವಿಗಳು ಜನರ ಕಡೆ ತಿರುಗಿದರು. “ಕೇಳಿದ್ರಾ? ಖುದ್ದು ಮದೀನಾದಾಗೆ ಇಲ್ಲ. ಇನ್ನು ನಮ್ಮೂರಾಗೆ ಯಾಕೆ?”

ಅಲ್ಲೇ ಒಬ್ಬರು ತಾಲ್ಲೂಕು ಕಚೇರಿಗೆ ಕಳಿಸಲೆಂದು ನಾನು ಹೇಳಿದ್ದನ್ನು ಬರೆದರು. ನನಗೆ ಅರ್ಥವಾಗಲೆಂದು ಕನ್ನಡದಲ್ಲೇ ಬರೆದು, ಓದಿ ಹೇಳಿ, ರುಜು ಹಾಕಿ ಎಂದರು. ಬರೆದ ಕಾಗದ ಯಾವುದೆಂದು ಗಮನಿಸಿದೆ. ನನ್ನದೇ. ಬಿದಿರಿನ ಕೊಳವೆಯದು. ಖಾಲಿ ಇದೆಯಲ್ಲ ಎಂದು ದಾದಾಪೀರ ಕೊಟ್ಟಿದ್ದ.

“ಇನ್ನೊಂದು ಗೆರೆ ಸೇರಿಸ್ರಿ,” ಎಂದೆ. “ಗೋಡೆ ಹೊರಗೆ ಮುದುಕಿಯರು ನಿಂತು ಅಳ್ತಾರೆ. ಇರಾನಿನೋರು, ಎಲ್ಲಾರೂ. ಅದೂ ನೋಡೀನಿ. ಆಮೇಲೆ ಒಬ್ರು ದೊಡ್ಡ ಓದಿನೋರು, ಇದು ಅವಮಾನ ಅಲ್ಲ ಅಂದ್ರು.”

“ಅವರು ಬರ್ದು ಕೊಟ್ಟಾರಾ?”

“ಇಲ್ಲ.”

“ಹೆಸರು ಹೇಳ್ರಿ, ಬರೀತೀವಿ.”

ಆ ಪಡಸಾಲೆಯ ಮಕ್ಕಳು ನೆನಪಾದವು. ಯಾವ ಹಡಗಿನಲ್ಲಿ ಯಾರು ಯಾವ ಮಾತು ಹೊತ್ತುಕೊಂಡು ಹೋಗುತ್ತಾರೋ. ಹೆಸರು ಗೊತ್ತಿಲ್ಲ ಎಂದೆ. ಈ ಕಾಗದದ ಹಿಂದೆ ಬಿದ್ದಾಗಿನಿಂದ ನಾನಾಡಿದ ಸುಳ್ಳು ಅದೊಂದೇ. ಅಳುವವರ ಮಾತು ಅರ್ಜಿಗೆ ಬೇಕಿಲ್ಲ ಹಾಜಿಮಾ ಎಂದರು.

ದಾದಾಪೀರ ನನ್ನ ಕಿವಿಯ ಹತ್ತಿರ ಬಗ್ಗಿದ. “ಅವ್ವಾ, ಸುಳ್ಳೇನಾದ್ರೂ ಬರ್ದಾರಾ?”

“ಇಲ್ಲ.”

“ಮತ್ತೆ ಹಾಕು. ಸಕೀನಾಗೆ ಇನ್ನೆಷ್ಟು ದಿನ ಅಂತೀಯ?”

ಹೆಂಗಸರ ಸಾಲಿನಲ್ಲಿ ಸಕೀನಾ ಕೂತಿದ್ದಳು. ನನ್ನನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು. ಮೂರನೇ ತರಗತಿಯಲ್ಲಿ ಕಲಿತ ಅಕ್ಷರದಲ್ಲಿ ಹೆಸರು ಬರೆದೆ. ಯಜಮಾನರ ಹಾಗೆ ಹೆಬ್ಬೆಟ್ಟು ಒತ್ತಬೇಕಾಗಲಿಲ್ಲ.

ತಿಂಗಳೊಳಗೆ ನಿಕಾ ಆಯಿತು. ಮೌಲ್ವಿಗಳೇ ಓದಿದರು, ಚೆನ್ನಾಗಿ ಓದಿದರು.

ತಾಲ್ಲೂಕು ಕಚೇರಿಯಲ್ಲಿ ನಮ್ಮ ಅಮಲ್ದಾರರಿಗೆ ವರ್ಗವಾಗಿತ್ತು. ಹೊಸಬರು ತಮಾಷೆಯವರಲ್ಲ. ಅವರು ಮುಚ್ಚಳಿಕೆಯನ್ನೂ ನನ್ನ ಕಾಗದವನ್ನೂ ಜೊತೆಗಿಟ್ಟು ಒಂದು ಹುಕುಂ ಬರೆದು ಕಳಿಸಿದರು. ಮೇಷ್ಟ್ರು ಓದಿ ಹೇಳಿದರು. ಧರ್ಮ ಬಲ್ಲವರೂ ಮಕ್ಕಾ ಮದೀನಾ ಕಂಡವರೂ ಆದ ಇಮಾಂಬಿ ಕೋಂ ಹುಸೇನ್‌ಸಾಬ್ ಇವರ ಹೇಳಿಕೆಯಂತೆ, ಪಂಜದ ಮೆರವಣಿಗೆಗೆ ಇನ್ನು ಮುಂದೆ ಅಪ್ಪಣೆ ಇಲ್ಲ.

ಪಂಜ ಅಟ್ಟದ ಮೇಲೆ ಪೆಟ್ಟಿಗೆಯಲ್ಲಿದೆ. ಕೆರೆಗೆ ಹಾಕಲು ನಾನು ಬಿಟ್ಟಿಲ್ಲ. ಅದನ್ನು ಬಿಸಿಲಿಗೆ ತೆಗೆದಿಲ್ಲ.

ಈ ವರ್ಷ ಹತ್ತನೆಯ ದಿನ ಹಾಲವ್ವ ಎಂದಿನಂತೆ ತಲೆಗೆ ಎರೆದುಕೊಂಡು, ಸಕ್ಕರೆ ಪೊಟ್ಟಣ ಹಿಡಿದು ಬಂದಳು. ಬಾಗಿಲಲ್ಲಿ ನಿಂತು ಒಳಗೆ ಇಣುಕಿದಳು.

“ಏನೇ ಇಮಾಂಬಿ, ದೇವ್ರು ಕೂರ್ಸಿಲ್ಲ?”

“ಇಲ್ಲ.”

“ಯಾಕೆ? ಯಾರು ಬ್ಯಾಡ ಅಂದ್ರು?”

“ಧರ್ಮ ಬಲ್ಲೋರು.”

“ಯಾರೇ ಅವ್ರು?”

ಅಮಲ್ದಾರರನ್ನು ನಾನು ಕೇಳಿದ್ದೂ ಇದನ್ನೇ.

“ನಾನೇ ಕಣೇ,” ಎಂದೆ.

ಹಾಲವ್ವ ನಗಲಿಲ್ಲ. ಸಕ್ಕರೆ ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ತನ್ನ ಮನೆಗೆ ಹೋದಳು.